ಮುಯ್ಯಿಗೆ ಕೆಂಪು ಗೀಟು

ಎಣ್ಣೆ ಗಿರಣಿಯ ಗುಮಾಸ್ತನೊಬ್ಬ ಸಂಬಳ ಹೆಚ್ಚಿಸಿ ಅಂತ ಕೇಳಿದ್ದೇ ತಡ, ಧಣಿ ಹಾಲಪ್ಪನವರು ಗುಡುಗಿದರು. “ಸಂಬಳಕ್ಕೇನಯ್ಯ ಕಡಿಮೆ? ನಿಮ್ಮಂಥೋರಿಗೆ ಸಂಸಾರ ತೂಗಿಸೋಕೆ ಬರಲ್ಲ. ನಾಳೆ ಮನೆ ಖರ್ಚಿನ ಪಟ್ಟಿ ತಗೊಂಡು ಬಾ. ದುಂದು ಎಲ್ಲಿದೆ ಅಂತ ಎಲ್ಲರ ಮುಂದೆ ತೋರಿಸ್ತೀನಿ.”

ಗುಮಾಸ್ತ ತಂದ. ಇಡೀ ಗಿರಣಿ ಸೇರಿತು. ಧಣಿ ಕೆಂಪು ಪೆನ್ನು ಹಿಡಿದರು. ಅಕ್ಕಿ, ಹಾಲು, ಬಾಡಿಗೆ, ಮಗಳ ಶಾಲೆ ಫೀಸು. ಎಲ್ಲೂ ಪೆನ್ನಿಗೆ ಕೆಲಸ ಸಿಗಲಿಲ್ಲ. ಕೊನೇ ಸಾಲಿಗೆ ಬಂದಾಗ ಅವರ ಮುಖ ಅರಳಿತು. “ಸಮಾರಂಭಗಳ ಮುಯ್ಯಿ, ವರ್ಷಕ್ಕೆ ಆರು ಸಾವಿರ! ಇಲ್ಲಿದೆ ನೋಡ್ರಯ್ಯ ತೂತು!”

“ಕೊಡದಿದ್ರೆ ಕರೆದೋರು ಮುಖ ಗಂಟು ಹಾಕ್ಕೋತಾರೆ, ಧಣಿ.”

“ಹಾಕ್ಕೊಳ್ಳಲಿ! ಬಡವನ ಕೈಯಿಂದ ಮುಯ್ಯಿ ಈಸ್ಕೊಳ್ಳೋರಿಗೆ ನಾಚಿಕೆ ಆಗಬೇಕು, ನಿನಗಲ್ಲ.” ಸರಕ್ಕನೆ ಗೀಟು ಎಳೆದರು.

“ಒಂದು ರುಜು ಹಾಕಿಬಿಡಿ, ಧಣಿ. ಇಲ್ಲದಿದ್ರೆ ನನ್ನ ಹೆಂಡತಿ ನಂಬಲ್ಲ.”

ಧಣಿ ಠೀವಿಯಿಂದ ರುಜು ಹಾಕಿದರು. ಆಮೇಲೆ ಕೇಳಿದರು, “ಇದೆಲ್ಲ ಎಷ್ಟು ಮನೆಗೆ ಕೊಟ್ಟಿದ್ದು?”

“ಒಂದೇ ಮನೆಗೆ, ಧಣಿ. ತಮ್ಮ ಗೃಹಪ್ರವೇಶ, ತಮ್ಮ ಮಗಳ ಮದುವೆ, ಆಮೇಲೆ ಅವರ ಸೀಮಂತ. ಮುಂದಿನ ವಾರ ತಮ್ಮ ಮೊಮ್ಮಗನ ನಾಮಕರಣಕ್ಕೆ ಏನು ಮಾಡೋದು ಅಂತ ಚಿಂತೆಯಲ್ಲಿದ್ದೆ. ತಾವೇ ದಾರಿ ತೋರಿಸಿದಿರಿ.”

ಧಣಿಯ ಪೆನ್ನು ಗಾಳಿಯಲ್ಲೇ ನಿಂತಿತು. ಸುತ್ತ ನಿಂತಿದ್ದ ಹನ್ನೊಂದು ಜನ ಒಬ್ಬೊಬ್ಬರಾಗಿ ಜೇಬಿನಿಂದ ಪಟ್ಟಿ ತೆಗೆದರು. “ನಮ್ಮದಕ್ಕೂ ಒಂದು ಗೀಟು, ಧಣಿ.”

ಎರಡು ದಿನಕ್ಕೆ ನಾಮಕರಣದ ಕರೆಯೋಲೆ ಬಂತು. ಕೊನೆಯಲ್ಲಿ ಹೊಸ ಸಾಲೊಂದಿತ್ತು: ‘ಆಶೀರ್ವಾದವೇ ಉಡುಗೊರೆ.’

ಗುಮಾಸ್ತ ಸಂಸಾರ ಸಮೇತ ಹೋದ. ಮೂರು ಹೋಳಿಗೆ ತಿಂದು, ಮಗುವಿಗೆ ಕೈತುಂಬ ಉಡುಗೊರೆ ಕೊಟ್ಟು ಬಂದ. ಅಷ್ಟೂ ಅಕ್ಷತೆ.