ಮನೆ ಬ್ಯಾಟರಿಯೂ ಅಜ್ಜಿಯ ಗಂಗೆಯೂ

ನಗೋರು ಈಗಲೇ ನಕ್ಕು ಮುಗಿಸಿ, ಮಧ್ಯದಲ್ಲಿ ನನ್ನ ಮಾತು ಕಡೀಬೇಡಿ. ಇದು ಪಾಂಡವಪುರದ ಜವರಮ್ಮನ ಮಗ ಚೆಲುವನ ಸಮಾಚಾರ. ಆಳು ಆರಡಿ, ತೋಳು ಒನಕೆ ಥರ. ತಲೆಯೊಳಗೆ ಮಾತ್ರ ದೇವರು ಏನೂ ಇಡದೆ ಹಂಗೇ ಮುಚ್ಚಳ ಹಾಕಿಬಿಟ್ಟಿದ್ದ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದಿಷ್ಟು ಹೆಚ್ಚಿಲ್ಲ, ಒಂದಿಷ್ಟು ಕಮ್ಮಿಯಿಲ್ಲ. "ಇವನ ಬದಲು ಒಂದು ರುಬ್ಬೋ ಕಲ್ಲು ಹೆತ್ತಿದ್ರೆ ದೋಸೆ ಹಿಟ್ಟಾದ್ರೂ ಆಗೋದು" ಅಂತ ಜವರಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಜವರಮ್ಮನ ಹತ್ರ ಒಂದು ವ್ಯಾನಿತ್ತು. ಬರೀ ವ್ಯಾನಲ್ಲ, ಮನೆ ವ್ಯಾನು. ಹಿಂದುಗಡೆ ಮಂಚ, ಒಲೆ, ಲೈಟು, ಫ್ಯಾನು. ಯಾತ್ರೆ ಹೋಗೋರನ್ನ ಕೂರಿಸ್ಕೊಂಡು ತಾನೇ ಓಡಿಸೋಳು. ಅದಕ್ಕೆ ಎರಡು ಬ್ಯಾಟರಿ. ಮುಂದಿನದು ಇಂಜಿನ್ನಿಗೆ. ಮಂಚದ ಕೆಳಗಿರೋದು ಮನೆ ಬ್ಯಾಟರಿ, ಲೈಟು ಫ್ಯಾನು ಎಲ್ಲ ಅದರ ಲೆಕ್ಕ.

ಒಂದಿನ ಜವರಮ್ಮನ ತಾಯಿ ಕೆಂಚಮ್ಮ ಹಠ ಹಿಡಿದ್ಳು. ತೊಂಬತ್ತು ದಾಟಿದ ಮುದುಕಿ, ಬಾಯಲ್ಲಿ ಒಂದೇ ಹಲ್ಲು, ದೃಷ್ಟಿಯಾಗದಿರಲಿ ಅಂತ ಕೈಗೆ ಕಪ್ಪು ದಾರ. "ಸಾಯೋಕ್ಮುಂಚೆ ಒಂದ್ಸಲ ಸಮುದ್ರಕ್ಕೆ ಕಾಲಿಡಬೇಕು ಕಣೇ ಜವರಿ. ಆದ್ರೆ ಫ್ಯಾನಿಲ್ಲದಿದ್ರೆ ನಂಗೆ ಉಸಿರು ಕಟ್ತದೆ. ಫ್ಯಾನು ನಿಂತಲ್ಲಿಂದ್ಲೇ ವಾಪಸ್, ಹೇಳಿರ್ತೀನಿ."

ಹೊರಡೋವಾಗ ಬಟ್ಟೆ ಗಂಟಲ್ಲಿ ಗಂಗೆ ಗಿಂಡಿಯನ್ನೂ ಕಟ್ಕೊಂಡ್ಳು. ಕಾಶಿಯಿಂದ ತಂದ ತಾಮ್ರದ ಗಿಂಡಿ, ಬಾಯಿಗೆ ಬೆಸುಗೆ. ಪ್ರಾಣ ಹೋಗೋವಾಗ ಬಾಯಿಗೆ ಬಿಡಲಿ ಅಂತ ವರ್ಷಗಟ್ಟಲೆ ಕಾದಿಟ್ಟಿದ್ದು. "ಇದಕ್ಕಿಂತ ಶುದ್ಧವಾದ ನೀರು ಭೂಮಿ ಮೇಲಿಲ್ಲ" ಅಂತ ಮೊಮ್ಮಗನಿಗೆ ಚಿಕ್ಕಂದಿನಿಂದ ಹೇಳ್ಕೊಂಡೇ ಬಂದಿದ್ಳು.

ಹೊರಟರಪ್ಪ. ಚನ್ನರಾಯಪಟ್ಟಣ ದಾಟೋದ್ರೊಳಗೆ ಫ್ಯಾನು ಮೆಲ್ಲಗಾಯ್ತು.

"ಲೋ, ಮನೆ ಬ್ಯಾಟರಿ ನೋಡೋ" ಅಂದ್ಳು ಜವರಮ್ಮ.

ಚೆಲುವ ಮಂಚದ ಕೆಳಗೆ ತಲೆ ಹಾಕಿ ನೋಡಿದ. ನೋಡಿದ, ನೋಡಿದ, ಹಾಸನ ಬಂದ್ರೂ ನೋಡ್ತಾನೇ ಇದ್ದ.

"ಏನಾಗಿದೆಯೋ?"

"ಏನೂ ಆಗಿಲ್ಲವ್ವಾ, ಸುಮ್ನೆ ಕೂತಿದೆ. ನಾನೂ ನೋಡ್ತಾ ಕೂತಿದೀನಿ."

"ನೋಡು ಅಂದ್ರೆ ಬರೀ ಕಣ್ಣಲ್ಲಿ ನೋಡೋದೇನೋ ಹೆಡ್ಡ? ಕೈಯಲ್ಲಿ ಅಲ್ಲಾಡಿಸಿ ನೋಡ್ಬೇಕು. ಸಡಿಲ ಇದ್ರೆ ಸ್ಪ್ಯಾನರ್ ಹಾಕಿ ಬಿಗೀಬೇಕು." ವ್ಯಾನು ನಿಲ್ಲಿಸಿ ತಾನೇ ಬಂದು ಬಿಗಿದ್ಳು. ಫ್ಯಾನು ಅಷ್ಟಕ್ಕಷ್ಟೇ.

"ಆಗಲಿ ಕಣವ್ವಾ, ಇನ್ಮೇಲೆ ಹಂಗೇ ನೋಡ್ತೀನಿ" ಅಂದ ಚೆಲುವ.

ಒಂದಷ್ಟು ದೂರ ಹೋದ್ಮೇಲೆ ಜವರಮ್ಮ ಅಂದ್ಳು, "ಅಜ್ಜಿ ಹೆಂಗವ್ಳೆ, ನೋಡೋ."

ಚೆಲುವ ಕೈಯಲ್ಲಿ ಅಲ್ಲಾಡಿಸಿ ನೋಡಿದ. ಅಜ್ಜಿ ಕಾಲು ಅಲ್ಲಾಡಿಸಿದ, ಗಟ್ಟಿ. ಕಿವಿ ಅಲ್ಲಾಡಿಸಿದ, ಗಟ್ಟಿ. ಬಾಯಿಗೆ ಬೆರಳಿಟ್ಟ, ಇದ್ದ ಒಂದು ಹಲ್ಲು ಗಡಗಡ ಅಲ್ಲಾಡ್ತು. ತಗೊಂಡ ಸ್ಪ್ಯಾನರ್. ಮುದುಕಿ ಕೂಗಿದ ಕೂಗಿಗೆ ಎದುರಿಗೆ ಬರ್ತಿದ್ದ ಲಾರಿಯವನು ಬ್ರೇಕ್ ಹಾಕಿದ. ಹಲ್ಲು ಉಳೀತು, ಪುಣ್ಯ.

"ಸ್ಪ್ಯಾನರ್ ಹಾಕೋದು ಬ್ಯಾಟರಿಗೆ ಕಣೋ, ಅಜ್ಜಿಗಲ್ಲ" ಅಂತ ಜವರಮ್ಮ ಗಾಡಿ ನಿಲ್ಲಿಸಿ ಬೆನ್ನಿಗೆ ಎರಡು ಬಾರಿಸಿದ್ಳು. "ಅದಕ್ಕೂ ಮುಂಚೆ ಕಪ್ಪು ವೈರು ಬಿಚ್ಚಬೇಕು, ಇಲ್ದಿದ್ರೆ ಕಿಡಿ ಹಾರ್ತದೆ. ಯಾವ ಕೆಲಸಕ್ಕೆ ಕೈ ಹಾಕಿದ್ರೂ ಮೊದಲು ಕಪ್ಪು ಬಿಚ್ಚು. ನೆನಪಿರ್ತದಾ?"

"ಇರ್ತದೆ ಕಣವ್ವಾ. ಮೊದಲು ಕಪ್ಪು."

ಸಕಲೇಶಪುರದಲ್ಲಿ ಟೀ ಕುಡಿಯೋಕೆ ನಿಂತ್ರು. "ಮುಂದಿನ ಗಾಜು ಧೂಳಾಗಿದೆ, ಒರೆಸಿ ಹತ್ಕೋ" ಅಂದ್ಳು ಜವರಮ್ಮ. ಮೊದಲು ಕಪ್ಪು ಅಲ್ವಾ? ಚೆಲುವ ಬಾನೆಟ್ ಎತ್ತಿದ, ಇಂಜಿನ್ ಬ್ಯಾಟರಿಯ ಕಪ್ಪು ವೈರು ಬಿಚ್ಚಿದ, ಬಾನೆಟ್ ಮುಚ್ಚಿದ, ಗಾಜನ್ನ ಕನ್ನಡಿ ಥರ ಒರೆಸಿದ. ಜವರಮ್ಮ ಕೀ ತಿರುಗಿಸಿದ್ಳು. ವ್ಯಾನು ಕಿಟಕ್ ಅನ್ನಲಿಲ್ಲ. ಇನ್ನೊಂದ್ಸಲ ತಿರುಗಿಸಿದ್ಳು. ಕಮಕ್ ಕಿಮಕ್ ಇಲ್ಲ. ಟೀ ಅಂಗಡಿಯವರೆಲ್ಲ ಸೇರಿ ತಳ್ಳಿದ್ರು, ಹಿಂದಿನ ಬಸ್ಸುಗಳು ಒಂದೇ ಸಮ ಹಾರ್ನ್ ಹೊಡೆದ್ವು, ಅಜ್ಜಿ ಒಳಗಿಂದ "ವಾಪಸ್ ವಾಪಸ್" ಅಂತ ಶುರುಮಾಡಿದ್ಳು.

ಎದುರು ಗ್ಯಾರೇಜ್ ಶೆಡ್ಡಿಂದ ಮಿಸ್ತ್ರಿ ಜಬ್ಬಾರ್ ಸಾಬರು ಬಂದ್ರು. ಬಾನೆಟ್ ಎತ್ತಿ ವೈರು ಸಿಕ್ಕಿಸಿದ್ರು, ಇಂಜಿನ್ ಗುರ್ ಅಂತು. ಆಮೇಲೆ ಮಂಚದ ಕೆಳಗಿನ ಬ್ಯಾಟರಿ ಮುಚ್ಚಳಗಳನ್ನ ತೆಗೆದು ಬಗ್ಗಿ ನೋಡಿದ್ರು. "ಒಳಗೆ ನೀರೇ ಒಣಗಿದೆ ತಾಯಿ, ಫ್ಯಾನ್ ಎಲ್ಲಿಂದ ತಿರುಗಬೇಕು? ಲೋ ತಮ್ಮಾ, ಇದಕ್ಕೆ ನಲ್ಲಿ ನೀರು ಆಗಲ್ಲ, ಬಾವಿ ನೀರು ಆಗಲ್ಲ. ಶುದ್ಧಕ್ಕೆ ಶುದ್ಧ ಇರೋ ನೀರೇ ಆಗ್ಬೇಕು. ಇರು, ತರ್ತೀನಿ."

ಸಾಬರು ಶೆಡ್ಡಿಗೆ ಹೋಗಿ ಬರೋದ್ರೊಳಗೆ ಚೆಲುವ ಸ್ಪ್ಯಾನರಲ್ಲಿ ಗಿಂಡಿ ಬೆಸುಗೆ ಒಡೆದಾಗಿತ್ತು. ಕಾಶಿ ಗಂಗೆ ಗಟಗಟ ಅಂತ ಬ್ಯಾಟರಿಯ ಒಂದು ಬಾಯಿಗೆ ಇಳಿದಾಗಿತ್ತು. ಮೇಲೆ ಕೈಯೂ ಮುಗಿದಿದ್ದ.

ಜವರಮ್ಮ ಹಣೆ ಚಚ್ಚಿಕೊಂಡ್ಳು. ಅಜ್ಜಿ ಬರಿದಾದ ಗಿಂಡಿ ಮಗುಚಿ ನೋಡಿದ್ಳು. "ನನ್ನ ಕೊನೇ ಗುಟುಕನ್ನ ಬ್ಯಾಟರಿ ಕುಡೀತಲ್ಲೇ ಜವರಿ. ಇನ್ನು ನಾನು ಹೆಂಗೆ ಸಾಯ್ಲಿ?" ಅಂತ ಅತ್ತಳು. ನಿಜಕ್ಕೂ ಅತ್ತಳು ಕಣ್ರಪ್ಪ, ನನಗೂ ಅಯ್ಯೋ ಅನ್ಸುತ್ತೆ.

"ಗಂಗೆಗೆ ನಾನೂ ಕೈ ಮುಗೀತೀನಿ ತಮ್ಮಾ, ಆದ್ರೆ ಬ್ಯಾಟರಿಗೆ ಅದು ಹಿಡಿಸಲ್ಲ" ಅಂತ ಸಾಬರು ಉಳಿದ ಬಾಯಿಗಳಿಗೆ ತಮ್ಮ ಕೆಂಪು ಮುಚ್ಚಳದ ಬಾಟಲಿಯಿಂದ ಬಟ್ಟಿ ಇಳಿಸಿದ ನೀರು ಬಿಟ್ರು. ಬಾಟಲಿಯನ್ನ ಚೆಲುವನ ಕೈಗೇ ಕೊಟ್ರು. "ಶುದ್ಧ ನೀರು ಅಂದ್ರೆ ಇದು, ಬೇರೆ ಯಾವುದೂ ಅಲ್ಲ. ಸ್ವಲ್ಪ ಸ್ವಲ್ಪ ಹಾಕು. ಹಾಕಿದ್ಮೇಲೆ ಸುಮ್ನೆ ನಿಲ್ಲಿಸಬೇಡ, ಓಡಿಸು. ಓಡಿಸ್ತಾ ಇದ್ರೇನೇ ಚಾರ್ಜ್ ಹತ್ತೋದು."

"ಆಗಲಿ ಸಾಬರೇ. ಸ್ವಲ್ಪ ಸ್ವಲ್ಪ. ಆಮೇಲೆ ಓಡಿಸೋದು."

ಘಟ್ಟ ಇಳಿಯೋದ್ರೊಳಗೆ ಫ್ಯಾನು ಹೆಂಗೆ ತಿರುಗ್ತು ಅಂದ್ರೆ ಅಜ್ಜಿ ಸೆರಗು ನಿಲ್ಲಲೇ ಇಲ್ಲ. ಮುದುಕಿ ಅಳು ಮರೆತ್ಳು. ಉಳ್ಳಾಲ ಬಂತು. ಸಮುದ್ರ ಬಂತು. ಅಜ್ಜಿ ಮಗಳ ಕೈ ಕೊಡವಿಕೊಂಡು ಸೀರೆ ಎತ್ತಿಕಟ್ಟಿ ನಡೆದೇಬಿಟ್ಳು. ಅಲೆ ಬಂದು ಕಾಲು ತೊಳೀತು. "ಅಬ್ಬಬ್ಬಬ್ಬ, ಇದಕ್ಕೆ ಆಚೆ ದಡವೇ ಇಲ್ಲವಲ್ಲೇ" ಅಂದೋಳು ಹಂಗೇ ಮರಳ ಮೇಲೆ ಕೂತ್ಳು, ಒರಗಿದ್ಳು, ಕಣ್ಣು ಮುಚ್ಚಿದ್ಳು.

ಜವರಮ್ಮ ಕರೆದ್ಳು, ಮಾತಿಲ್ಲ. ಅಲ್ಲಾಡಿಸಿದ್ಳು, ಮಾತಿಲ್ಲ. "ಅಯ್ಯೋ ನಮ್ಮವ್ವಾ, ಗಂಗೆನೂ ಇಲ್ಲವಲ್ಲೇ! ಲೋ ಚೆಲುವಾ, ಶುದ್ಧವಾಗಿರೋ ನೀರು ಏನಾದ್ರೂ ತಗೊಂಬಂದು ಬಾಯಿಗೆ ಬಿಡೋ" ಅಂತ ಗೋಳಾಡಿದ್ಳು.

ಚೆಲುವ ಓಡಿದ, ಕೆಂಪು ಮುಚ್ಚಳದ ಬಾಟಲಿ ತಂದ. ಯಾವ ಕೆಲಸಕ್ಕೂ ಮೊದಲು ಕಪ್ಪು ಬಿಚ್ಚಬೇಕಲ್ಲ, ಅಜ್ಜಿ ಕೈಯ ಕಪ್ಪು ದಾರ ಬಿಚ್ಚಿದ. ಬಾಯಿ ತೆಗೆಸಿದ. ಸ್ವಲ್ಪ ಸ್ವಲ್ಪ ಬಿಟ್ಟ.

ಅಜ್ಜಿ ಕೆಮ್ಮಿ, ಉಗುಳಿ, ಎದ್ದು ಕೂತ್ಳು. "ಥೂ ನಿನ್ನ ಮನೆ ಕಾಯ್ವಾಗ! ಸಮುದ್ರದ ಸದ್ದು ಕೇಳ್ತಾ ಕೇಳ್ತಾ ಹಾಯಾಗಿ ನಿದ್ದೆ ಹೋಗಿದ್ರೆ ಬಾಯಿಗೆ ಏನೋ ಹುಯ್ದೆ?"

"ಅವ್ವಾ, ಅಜ್ಜಿಗೆ ಕರೆಂಟ್ ಬಂತು" ಅಂದ ಚೆಲುವ.

ಜವರಮ್ಮ ಅಳ್ತಾ ನಗ್ತಾ ತಾಯಿ ಕಡೆ ಬಾಗೋದ್ರೊಳಗೆ ಇವನಿಗೆ ಸಾಬರ ಮಾತು ನೆನಪಾಯ್ತು. ನೀರು ಹಾಕಿದ್ಮೇಲೆ ಸುಮ್ನೆ ನಿಲ್ಲಿಸಬಾರದು, ಓಡಿಸಬೇಕು. ಬಾಚಿ ಅಜ್ಜಿಯನ್ನ ಹೆಗಲ ಮೇಲೆ ಕೂರಿಸ್ಕೊಂಡ, ಓಡಿದ. ಮರಳ ಮೇಲೆ ಓಡಿದ, ಅಲೆಯೊಳಗೆ ಓಡಿದ. ಬಲೆ ಒಣಗಿಸ್ತಿದ್ದ ಬೆಸ್ತರು ಎದ್ದು ದಾರಿ ಬಿಟ್ರು. ಜವರಮ್ಮ ಹಿಂದೆ ಹಿಂದೆ "ಇಳಿಸೋ, ಇಳಿಸೋ ನಿನ್ನ" ಅಂತ ಏದುಸಿರು ಬಿಡ್ತಾ ಓಡಿದ್ಳು.

ದಡದ ತುದಿಗೆ ಬಂದು ಚೆಲುವ ನಿಂತ. "ಸಾಕೇನಜ್ಜಿ?"

ಅಜ್ಜಿ ಒಂದ್ಸಲ ಹಿಂದೆ ನೋಡಿದ್ಳು, ಮಗಳು ಇನ್ನೂ ದೂರದಲ್ಲಿದ್ಳು. ಒಂದ್ಸಲ ಸಮುದ್ರ ನೋಡಿದ್ಳು. ಮೊಮ್ಮಗನ ಕೂದಲು ಎರಡು ಕೈಯಲ್ಲೂ ಭದ್ರವಾಗಿ ಹಿಡ್ಕೊಂಡ್ಳು.

"ಎಲ್ಲಿ ಸಾಕೋ? ಇನ್ನೂ ಚಾರ್ಜ್ ಹತ್ತಿಲ್ಲ, ಓಡು" ಅಂದ್ಳು.