ಕಡಲಹುಲ್ಲಿನ ಬೇರು ಬಲೆಯಾದದ್ದು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ತನ್ನ ಗಡಿ ಎಲ್ಲಿ ಎಂದು ಕಡಲಿಗೆ ಗೊತ್ತಿರಲಿಲ್ಲ. ತನ್ನ ಬಲ ಎಷ್ಟು ಎಂದು ಗಾಳಿಗೆ ಗೊತ್ತಿರಲಿಲ್ಲ. ಆಗ ಕಡಲಹುಲ್ಲು ಈಗಿನ ಹಾಗೆ ಇರಲಿಲ್ಲ. ಒಂದೊಂದು ಗಿಡಕ್ಕೆ ಒಂದೊಂದೇ ಬೇರು. ಪಕ್ಕದ ಗಿಡ ಬದುಕಿದೆಯೋ ಸತ್ತಿದೆಯೋ, ಇದಕ್ಕೆ ಗೊತ್ತಾಗುತ್ತಿರಲಿಲ್ಲ.

ಆ ಹುಲ್ಲು ಬೆಳೆಯುತ್ತಿದ್ದ ತಿಳಿನೀರಿನ ಕೊಲ್ಲಿಯ ದಡದಲ್ಲಿ ಬುದವಂತಿ ಎಂಬ ಹೆಂಗಸಿದ್ದಳು. ಬುಧವಾರ ಹುಟ್ಟಿದವಳು, ಅದಕ್ಕೇ ಆ ಹೆಸರು. ಬಲೆ ಹೆಣೆಯುವುದು ಅವಳ ಕೆಲಸ. ‘ಬಲೆ ಹರಿದೀತು, ಬುದವಂತಿಯ ಗಂಟು ಬಿಚ್ಚದು’ ಎಂದು ಕೇರಿಯಲ್ಲೆಲ್ಲ ಹೇಳುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಸ್ವಲ್ಪ ತಲೆಗೂ ಏರಿತ್ತು.

ಅವಳಿಗೊಬ್ಬಳು ಗೆಳತಿ, ಕಡಲಹಸು. ಬೂದು ಮೈ, ಸಾಧು ಮುಖ. ನೀರಿನಡಿಯ ಹುಲ್ಲು ಮೇಯುವುದು, ಉಸಿರಿಗೆ ಮೇಲೆ ಬರುವುದು, ಬಂದಾಗ ಬುದವಂತಿಯೊಡನೆ ಎರಡು ಮಾತಾಡುವುದು. ಆ ವರ್ಷ ಅದಕ್ಕೊಂದು ಕರು ಹುಟ್ಟಿತ್ತು. ಬುದವಂತಿ ಅದನ್ನು ಪುಟ್ಟಿ ಎಂದು ಕರೆಯುತ್ತಿದ್ದಳು. ಕರೆದರೆ ಬರುತ್ತಿತ್ತು.

ಒಂದು ದಿನ ಚಂಡಮಾರುತ ಎದ್ದಿತು. ಕಡಲ ತಳದವರೆಗೆ ಕಲಕಿ ಹೋಯಿತು. ಅರ್ಧ ಹುಲ್ಲು ಬುಡಸಮೇತ ಕಿತ್ತುಹೋಯಿತು.

ಕಡಲಹಸು ದಡಕ್ಕೆ ಬಂದು ಹೇಳಿತು, “ಅಕ್ಕಾ, ಹುಲ್ಲು ಅರ್ಧ ಆಯ್ತು. ನನ್ನ ಹಾಲೂ ಅರ್ಧ ಆಯ್ತು. ಇನ್ನೊಂದು ಗಾಳಿ ಬಂದ್ರೆ ಪುಟ್ಟಿಗೆ ಎಂತ ಕೊಡೂದು?”

“ಹೆದರಬೇಡ ಮಾರಾಯ್ತಿ,” ಎಂದಳು ಬುದವಂತಿ. “ಮಳೆಗಾಲದ ಮುಂಚೆ ನಾವು ಮನೆಯ ಮಾಡಿನ ಹುಲ್ಲು ಹಗ್ಗ ಹಾಕಿ ಬಿಗೀತೇವಲ್ಲ, ಹಾಗೇ ಇದನ್ನೂ ಬಿಗಿದ್ರಾಯ್ತು.”

ನೀರು ಇಳಿದಾಗ ಅವಳು ಸೊಂಟಮಟ್ಟದ ನೀರಿಗಿಳಿದಳು. ಹತ್ತಿಪ್ಪತ್ತು ಗಿಡಗಳ ತಲೆ ಸೇರಿಸಿ ಗಂಟು. ಮತ್ತೆ ಹತ್ತಿಪ್ಪತ್ತು, ಮತ್ತೊಂದು ಗಂಟು. ಏಳು ದಿನ ಕಟ್ಟಿದಳು.

ಹುಲ್ಲು ಅಂಗಲಾಚಿತು. “ಅಕ್ಕಾ, ನಮ್ಗೆ ತೂಗಲಿಕ್ಕೆ ಬಿಡು. ತೂಗಿದ್ರೆ ನೀರು ನಮ್ಮ ಮೇಲಿಂದ ಹೋಗ್ತದೆ.”

“ಸುಮ್ನಿರಿ. ನಾನು ಕಟ್ಟಿದ ಮಾಡು ಹಾರಿದ್ದನ್ನು ಯಾರಾದ್ರೂ ಕಂಡಿದ್ದಾರಾ?”

ಎರಡನೆಯ ಚಂಡಮಾರುತ ಬಂತು. ಬಾಗಲಾರದ ಹುಲ್ಲಿನ ಹೊರೆಗಳನ್ನು ಅಲೆ ತಬ್ಬಿ ಹಿಡಿಯಿತು. ಒಂದು ಗಿಡ ಕೀಳುವ ಜಾಗದಲ್ಲಿ ಇಪ್ಪತ್ತು ಕಿತ್ತಿತು. ಬೆಳಗಾದಾಗ ದಡದ ಉದ್ದಕ್ಕೂ ಹುಲ್ಲಿನ ರಾಶಿ. ಬುದವಂತಿ ಹೋಗಿ ಮುಟ್ಟಿ ನೋಡಿದಳು. ಅವಳ ಗಂಟು ಒಂದೂ ಬಿಚ್ಚಿರಲಿಲ್ಲ.

ಒಂಬತ್ತನೆಯ ದಿನ ಕಡಲಹಸು ಬಂತು. ಪುಟ್ಟಿ ಜೊತೆಗಿರಲಿಲ್ಲ. ಬುದವಂತಿ ಕರೆದಳು, ಮತ್ತೆ ಕರೆದಳು.

“ಕರೀಬೇಡ ಅಕ್ಕಾ,” ಎಂದಿತು ತಾಯಿ. “ಹಾಲಿರ್ಲಿಲ್ಲ.”

ಅಷ್ಟೇ ಹೇಳಿತು. ಬೈದಿದ್ದರೆ ಬುದವಂತಿಗೆ ಒಂದಿಷ್ಟು ಹಗುರಾಗುತ್ತಿತ್ತು. ಕಡಲಹಸು ಬೈಯಲಿಲ್ಲ, ತಿರುಗಿ ತೆಂಕಣ ದಿಕ್ಕಿಗೆ ಹೊರಟುಹೋಯಿತು. ಬುದವಂತಿ ಮರಳಿನ ಮೇಲೆ ಕೂತು ಅತ್ತಳು. ತನ್ನ ಕೈಗಳನ್ನು ನೋಡಿಕೊಂಡು ಅತ್ತಳು.

ಅತ್ತು ಕಣ್ಣೆತ್ತಿದಾಗ ಎದುರಿಗೆ ಒಣಗಲು ಹಾಕಿದ್ದ ಬಲೆ ಕಂಡಿತು. ಅವಳ ಅವ್ವ ಹೆಣೆದು ಕೊಟ್ಟ ಬಲೆ. ಅದರ ಮೇಲಿನ ಕಣ್ಣುಗಳು ಗಾಳಿಗೆ ತೂಗುತ್ತಿದ್ದವು. ಕಲ್ಲು ಕಟ್ಟಿದ ಕೆಳಗಿನ ಅಂಚು ಮಾತ್ರ ಅಲುಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಅವಳು ಆವತ್ತು ನೋಡಿದಳು.

ರಾಶಿಯ ಮುಂದೆ ಕೂತು ತನ್ನ ಗಂಟುಗಳನ್ನು ತಾನೇ ಬಿಚ್ಚಿದಳು. ಬಿಗಿ ಗಂಟು, ಉಗುರು ಕಿತ್ತುಬಂತು. ಬೇರು ಹಸಿಯಿದ್ದ ಗಿಡಗಳನ್ನಷ್ಟೇ ಆರಿಸಿಕೊಂಡಳು. ಅವ್ವನ ಬಲೆಯನ್ನು ಕೊಲ್ಲಿಯ ತಳದಲ್ಲಿ ಹಾಸಿ, ಕಣ್ಣುಕಣ್ಣಿಗೆ ಬೇರು ಕಟ್ಟಿ, ಮೇಲೆ ಮರಳು ಮುಚ್ಚಿದಳು. ತಲೆಗಳನ್ನು ತೂಗಲು ಬಿಟ್ಟಳು.

ಆಮೇಲೆ ದಡದಲ್ಲಿ ನಿಂತು ಗಾಳಿಯನ್ನು ಕರೆದಳು. “ಪುಟ್ಟಿ ಹೋದದ್ದು ನಿನಗೆ ಗೊತ್ತುಂಟಾ?”

ಗಾಳಿ ತಲೆ ತಗ್ಗಿಸಿತು. “ಗೊತ್ತುಂಟು ಅಕ್ಕಾ. ನನ್ನ ಕೈ ಎಷ್ಟು ಭಾರ ಅಂತ ನನಗೇ ಗೊತ್ತಾಗೂದಿಲ್ಲ. ಬಂದವನಿಗೆ ಬರಿಗೈಲಿ ಹೋಗ್ಲಿಕ್ಕೂ ಬರೂದಿಲ್ಲ.”

“ಹಾಗಾದ್ರೆ ಎಲೆ ತಕ್ಕೊಂಡು ಹೋಗು. ಬೇರಿಗೆ ಕೈ ಹಾಕಬೇಡ.”

“ಹಾಕೂದಿಲ್ಲ ಅಂತ ಭಾಷೆ ಕೊಟ್ರೆ ಸುಳ್ಳಾಗ್ತದೆ. ಒಂದರ ಬೇರು ಒಂದು ಬಿಡದೆ ಹಿಡ್ಕೊಂಡ್ರೆ ಉಳೀತದೆ. ಅಷ್ಟೇ ನಾನು ಹೇಳೂದು.”

ಬುದವಂತಿ ಒಪ್ಪಿದಳು. ಸುಳ್ಳು ಭಾಷೆಗಿಂತ ಅದೇ ಮೇಲು ಎನಿಸಿತು.

ಮೂರನೆಯ ಚಂಡಮಾರುತವೂ ಬಂತು. ಎಲೆಗಳನ್ನೆಲ್ಲ ಕಿತ್ತು ದಡಕ್ಕೆ ಎಸೆಯಿತು, ಅಂಚಿನ ಗಿಡಗಳನ್ನು ಬೇರುಸಮೇತ ಒಯ್ದಿತು. ನಡುವಿನವು ಹೋಗಲಿಲ್ಲ. ತಿಂಗಳು ಕಳೆಯಿತು, ಬರಿಮರಳಿನಿಂದ ಹಸುರು ಮೊಳಕೆ ಮೇಲೆ ಬಂತು. ವರ್ಷಗಳಲ್ಲಿ ಬಲೆಯ ನೂಲು ಕೊಳೆತುಹೋಯಿತು. ಅಷ್ಟರಲ್ಲಿ ಬೇರುಗಳು ಹೆಣಿಗೆ ಕಲಿತಿದ್ದವು. ಮರಳಿನಡಿ ಮಲಗಿಕೊಂಡೇ ಒಂದು ಬೇರು ಇನ್ನೊಂದರ ಕಡೆ ಹರಿಯುತ್ತಿತ್ತು.

ಬುದವಂತಿಯ ತಲೆ ನೆರೆತ ಮೇಲೆ, ಒಂದು ಬೆಳಿಗ್ಗೆ, ತೆಂಕಣದಿಂದ ಬೂದು ಬೆನ್ನೊಂದು ಬಂತು. ಪಕ್ಕದಲ್ಲಿ ಸಣ್ಣ ಬೂದು ಬೆನ್ನು.

“ಅಕ್ಕಾ, ಇವಳ ಹೊಟ್ಟೆ ತುಂಬಿದೆ,” ಎಂದಿತು ಕಡಲಹಸು. “ಕರೆದು ನೋಡು.”

ಬುದವಂತಿ ನೀರಿಗಿಳಿದಳು. ಕರೆದಳು. ಕರು ಬಂತು.

ಈಗಲೂ ದೊಡ್ಡ ಗಾಳಿ ಬೀಸಿದ ಮರುದಿನ ಅಂಥ ದಡಗಳಲ್ಲಿ ಹಸುರು ಎಲೆಪಟ್ಟಿಗಳು ರಾಶಿ ಬಿದ್ದಿರುತ್ತವೆ. ಒಂದನ್ನೆತ್ತಿ ಅದರ ತುದಿ ನೋಡು ಮಗಾ, ಹೆಚ್ಚಿನವಕ್ಕೆ ಬೇರೇ ಇರುವುದಿಲ್ಲ. ಬೇರು ಅಲ್ಲಿ ಕೆಳಗೆ, ಮರಳಿನ ಕತ್ತಲಲ್ಲಿ, ಪಕ್ಕದ ಬೇರನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಹಸಿದು ಹೋದ ಒಂದು ಕರುವನ್ನು ಅದು ಇನ್ನೂ ಮರೆತಿಲ್ಲ.