ಮಾಳವ್ವೆಯ ಹಿಡಿ

ಕೇತಯ್ಯ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅವನ ಕೈಯಲ್ಲಿದ್ದದ್ದು ಒಂದೇ ಒಂದು ಓಲೆಗರಿ.

ಅವನ ತಾಯಿ ಮಾಳವ್ವೆ ಮಕ್ಕಳ ಚಳಿಜ್ವರಕ್ಕೆ ಮದ್ದು ಕೊಡುತ್ತಿದ್ದವಳು. ಸಾಯುವ ಮುನ್ನ ಅದರಲ್ಲಿ ಬರೆಸಿಟ್ಟಿದ್ದಳು: ‘ಬೇರು ಒಂದು ಹಿಡಿ. ನೀರು ಅರ್ಧಕ್ಕಿಳಿಯುವವರೆಗೆ ಕುದಿಸುವುದು.’

“ಸ್ಪಷ್ಟವಾಗಿಯೇ ಇದೆಯಲ್ಲ,” ಎಂದರು ಸೋವಿದೇವ ಗುರುಗಳು.

“ಅಮ್ಮ ತೀರಿಕೊಂಡ ಮಳೆಗಾಲದಲ್ಲೇ ತಂಗಿಗೆ ಜ್ವರ ಬಂತು. ನನ್ನ ಹಿಡಿಯಲ್ಲಿ ಅಳೆದು ಹಾಕಿದೆ, ಗುರುಗಳೇ.”

“ಆಮೇಲೆ?”

“ತಂಗಿ ಉಳಿಯಲಿಲ್ಲ.”

“ಈಗ ನಿನಗೇನು ಬೇಕು?”

“ಅಮ್ಮನ ಹಿಡಿ ಎಷ್ಟಿತ್ತು ಅಂತ ತಿಳಿಯಬೇಕು.”

ಗುರುಗಳು ಪುಟ್ಟ ತಕ್ಕಡಿಯೊಂದನ್ನೂ, ತೂಕಕ್ಕೆಂದು ಒಂದು ಬೊಗಸೆ ಗುಲಗಂಜಿಯನ್ನೂ ಅವನ ಮುಂದಿಟ್ಟರು.

“ನಿನ್ನ ಹಿಡಿಯಿಂದಲೇ ಶುರುಮಾಡು. ಕಡಿಮೆ ಮಾಡುತ್ತಾ ಬಾ. ತಪ್ಪಿದ್ದನ್ನೂ ಬರೆದಿಡು.”

ವರ್ಷಗಳು ಹಿಡಿದವು. ಕೇತಯ್ಯ ಪ್ರತಿ ಅಳತೆಯನ್ನೂ ಮೊದಲು ತಾನೇ ಕುಡಿದ. ಕೊನೆಗೊಂದು ದಿನ ಜ್ವರದಲ್ಲಿದ್ದ ಅಂಬಿಗರ ಮನೆಯ ಮಗು ಅವನ ಮದ್ದು ಕುಡಿದು, ಮೈಯೆಲ್ಲ ಬೆವೆತು, ಕಣ್ಣುಬಿಟ್ಟು, ಗಂಜಿ ಕೇಳಿತು.

ಕೇತಯ್ಯ ಅಷ್ಟೇ ತೂಕದ ಬೇರನ್ನು ಅಂಗೈಯಲ್ಲಿಟ್ಟು ಮುಷ್ಟಿ ಮಡಿಚಿದ. ಅರ್ಧವೂ ತುಂಬಲಿಲ್ಲ.

“ಅಮ್ಮನ ಕೈ ಇಷ್ಟೇ ಇತ್ತಾ!” ಎಂದ.

ಸುದ್ದಿ ಹರಡಿತು. ಪಾಳೆಯಗಾರನ ಕಾರ್ಯಸ್ಥ ಆಶ್ರಮಕ್ಕೆ ಬಂದ.

“ದೊರೆಗಳು ಗದ್ದೆ ಉಂಬಳಿ ಬಿಡುತ್ತಾರೆ, ಸ್ವಾಮಿ. ಮಾಡಿಗೆ ಹೆಂಚು ಹಾಕಿಸುತ್ತಾರೆ. ಅಳತೆ ಮಾತ್ರ ಕೋಟೆ ದಾಟಿ ಹೋಗಬಾರದು.”

ಅವನು ಉತ್ತರಕ್ಕಾಗಿ ಜಗಲಿಯಲ್ಲಿ ಕುಳಿತ. ಒಳಗೆ ಕೇತಯ್ಯ ದನಿ ತಗ್ಗಿಸಿ ಹೇಳಿದ:

“ಒಪ್ಪಿಬಿಡೋಣ ಗುರುಗಳೇ. ಮಾಡು ಸೋರುತ್ತೆ. ಇಲ್ಲಿಯ ಓಲೆಗಳಲ್ಲಿ ಅರ್ಧವನ್ನು ಗೆದ್ದಲು ತಿಂದುಹಾಕಿದೆ.”

“ಅದು ಆಶ್ರಮದ ಕಾರಣ. ನಿನ್ನದು?”

ಕೇತಯ್ಯ ನೆಲ ನೋಡಿದ.

“ಊರಿಗೆಲ್ಲ ಹಂಚಿದರೆ ನನಗೇನು ಉಳಿಯುತ್ತೆ? ಅವಳದು ಅಂತ ನನ್ನ ಹತ್ತಿರ ಇರೋದು ಇದೊಂದೇ.”

ಗುರುಗಳು ಎದ್ದು ಬಾಗಿಲಿಗೆ ಹೋದರು. ಜಗಲಿಯ ಇನ್ನೊಂದು ತುದಿಯಲ್ಲಿ ಕುಂಬಾರ ಹೆಂಗಸೊಬ್ಬಳು ಜ್ವರದ ಮಗುವನ್ನು ಅವಚಿಕೊಂಡು ಕುಳಿತಿದ್ದಳು.

“ಇವಳಿಗೆ ನಿಮ್ಮಮ್ಮನ ಓಲೆ ಓದಿ ಹೇಳು,” ಎಂದರು.

ಕೇತಯ್ಯ ಓದಿದ.

“ಒಂದು ಹಿಡಿ ಅಂದ್ರೆ ಯಾರ ಹಿಡಿ ಸ್ವಾಮಿ?” ಎಂದು ಅವಳು ಕೈ ಚಾಚಿದಳು. ಮಣ್ಣು ನಾದಿ ನಾದಿ ಅಗಲವಾದ ಅಂಗೈ. “ನಂದು ದೊಡ್ಡ ಕೈ.”

ಕೇತಯ್ಯ ಆ ಕೈಯನ್ನೇ ನೋಡುತ್ತ ನಿಂತ. ಮಗು ನರಳಿತು. ಅವನು ಓಡಿಹೋಗಿ ತಕ್ಕಡಿ, ಗುಲಗಂಜಿ ತಂದು ಬೇರು ತೂಗಿ ತೋರಿಸಿದ.

“ಇಷ್ಟು ತೂಕ, ತಾಯಿ. ಒಂದು ಕಾಳೂ ಹೆಚ್ಚು ಬೇಡ. ಪಕ್ಕದ ಮನೆಯವರಿಗೂ ಹೇಳಿ.”

ಕಾರ್ಯಸ್ಥ ಮುಖ ಗಂಟಿಕ್ಕಿಕೊಂಡು ಎದ್ದ.

“ಕೊಡುವುದಾದರೆ ಓಲೆಗಳಿಗೆ ಎಣ್ಣೆ ಕೊಡಿ, ಪ್ರತಿ ಮಾಡುವವರಿಗೆ ಅಕ್ಕಿ ಕೊಡಿ,” ಎಂದರು ಗುರುಗಳು. “ಕೇಳಿದವರಿಗೆಲ್ಲ ನಾವು ಅಳತೆ ಹೇಳುತ್ತೇವೆ.”

“ಊರಿಗೆಲ್ಲ ಸಿಗೋದಕ್ಕೆ ದೊರೆಗಳು ಯಾಕೆ ಕೊಡಬೇಕು?”

“ಜ್ವರ ಕೋಟೆ ಬಾಗಿಲಲ್ಲಿ ಅಪ್ಪಣೆ ಕೇಳುತ್ತದೆಯೇ?”

ಉಂಬಳಿ ಬರಲಿಲ್ಲ. ಹೆಂಚೂ ಬರಲಿಲ್ಲ. ಸುಗ್ಗಿ ಕಳೆದ ಮೇಲೆ ಕೋಟೆಯಿಂದ ಮಾತಿಲ್ಲದೆ ಒಂದಿಷ್ಟು ಅಕ್ಕಿ ಮೂಟೆ, ಒಂದು ಗಡಿಗೆ ಎಣ್ಣೆ ಬಂದವು.

ಶಿಷ್ಯರು ಪ್ರತಿ ಮಾಡಲು ಕುಳಿತರು. ಗೆದ್ದ ಅಳತೆಯ ಜೊತೆಗೆ ಸೋತ ಅಳತೆಗಳನ್ನೂ ಬರೆದರು. ತಂಗಿಗೆ ಹಾಕಿದ ಹಿಡಿಯನ್ನು ಕೇತಯ್ಯ ತಾನೇ ತೂಗಿ ಬರೆದ. ದೋಣಿಗಳು ಆ ಓಲೆಗಳನ್ನು ಎರಡೂ ದಡದ ಊರುಗಳಿಗೆ ಒಯ್ದವು.

ಮತ್ತೆ ಮಳೆಗಾಲ ಬಂತು. ಆಚೆ ದಡದಿಂದ ಬೇರು ಕುದಿಯುವ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಕೇತಯ್ಯ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಗುರುಗಳು ಬಂದು ಪಕ್ಕದಲ್ಲಿ ಕುಳಿತರು.

“ಎಲ್ಲರ ಒಲೆಯ ಮೇಲೂ ಅವಳ ಮದ್ದು ಇದೆ, ಗುರುಗಳೇ. ಆದರೂ ನನಗೆ ಅಮ್ಮ ಬೇಕು ಅನ್ನಿಸುತ್ತೆ.”

ದೋಣಿಯೊಂದು ದಡ ಮುಟ್ಟಿತು. ತೊಯ್ದು ತೊಪ್ಪೆಯಾದ ಮುದುಕನೊಬ್ಬ ಇಳಿದು, ಯಾರನ್ನು ಕೇಳಬೇಕೋ ತಿಳಿಯದೆ ಅತ್ತಿತ್ತ ನೋಡಿದ.

“ಮದ್ದಿಗೆ ಬಂದವರನ್ನು ನಿಮ್ಮಮ್ಮ ಮೊದಲು ಏನು ಕೇಳುತ್ತಿದ್ದಳು?” ಎಂದರು ಗುರುಗಳು.

“ಊಟ ಆಯ್ತಾ ಅಂತ.”

“ಹಾಗಿದ್ದರೆ ಏಳು. ಆ ಅಜ್ಜನದು ಊಟ ಆಗಿದೆಯೋ ಇಲ್ಲವೋ, ಹೋಗಿ ಕೇಳು.”